ಎರಡನೆಯ ಸಿಲಿಂಡರ್

ಡ್ರೈವರ್ ಮುರುಗೆಪ್ಪನನ್ನು ಕಳ್ಳನೆಂದು ಕೆಲಸದಿಂದ ತೆಗೆದ ಮೇಲೂ ಕಾರಿನ ಹಳದಿ ದೀಪ ಆರಲಿಲ್ಲ. ಮನೆಯಲ್ಲಿ ಇದನ್ನು ಗಮನಿಸಿದವಳು ರೇಣು ಒಬ್ಬಳೇ.

ದೀಪವೆಂದರೆ ಸ್ಟಿಯರಿಂಗಿನ ಹಿಂದೆ, ವೇಗದ ಮುಳ್ಳಿನ ಕೆಳಗೆ, ಇಂಜಿನ್ನಿನ ಆಕಾರದಲ್ಲಿ ಹೊತ್ತಿಕೊಳ್ಳುವ ಒಂದು ಸಣ್ಣ ಗುರುತು. ಕಾರು ತೊಂಬತ್ತೊಂಬತ್ತರದು. ಕಾರ್ಬ್ಯುರೇಟರ್ ಹೋಗಿ ಕಂಪ್ಯೂಟರ್ ಬಂದ ಹೊಸದರಲ್ಲಿ ರೇಣುವಿನ ಮಾವ ಸಿದ್ರಾಮಪ್ಪನವರು ಕೊಂಡದ್ದು. ಇಂಡಿ ತಾಲ್ಲೂಕಿನಿಂದ ಬಂದು ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ನೆಲೆಯೂರಿದ ಅವರದು ಮೆಣಸಿನಕಾಯಿಯ ಸಗಟು ವ್ಯಾಪಾರ. ಡಿಕ್ಕಿಯಲ್ಲಿ ಸದಾ ಒಂದಾದರೂ ಸ್ಯಾಂಪಲ್ ಚೀಲ ಇರುತ್ತಿದ್ದುದರಿಂದ ಆ ಕಾರು ಹತ್ತಿದವರೆಲ್ಲ ಮೊದಲು ಸೀನುತ್ತಿದ್ದರು. ಇಷ್ಟು ವರ್ಷ ಕೀಲಿ ತಿರುಗಿಸಿದಾಗ ದೀಪ ಒಮ್ಮೆ ಹೊತ್ತಿ, ಇಂಜಿನ್ ಶುರುವಾದೊಡನೆ ಆರುತ್ತಿತ್ತು. ಈ ವರ್ಷ, ಎರಡು ಸಾವಿರದ ಏಳರಲ್ಲಿ, ದಸರೆ ಮುಗಿದ ಮೇಲೆ ಅದು ಆರದೆ ಉಳಿಯಿತು. ಅದರ ಜೊತೆಗೇ ಗಾಡಿ ನಡುಗತೊಡಗಿತು. ಸಿಗ್ನಲ್ಲಿನಲ್ಲಿ ನಿಂತಾಗ ಬಿಕ್ಕಳಿಕೆ ಹತ್ತಿದವರಂತೆ ಮೈ ಕುಲುಕುತ್ತಿತ್ತು. ಕಾತ್ರಜ ಘಾಟಿನ ಏರಿನಲ್ಲಿ ಕೈ ಬಿಡುತ್ತಿತ್ತು. ಹಿಂದಿನ ಕೊಳವೆಯಿಂದ ಕಪ್ಪು ಹೊಗೆ ಬರುತ್ತಿತ್ತು. ಪೆಟ್ರೋಲು ಮೊದಲಿಗಿಂತ ಎಷ್ಟೋ ಬೇಗ ಮುಗಿಯುತ್ತಿತ್ತು.

ಗ್ಯಾರೇಜಿನವನು ಬಾನೆಟ್ ಎತ್ತಿ ಕೈಗೆ ಸುಲಭವಾಗಿ ಎಟುಕಿದ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿದ. ಅದು ಮಸಿ ಹಿಡಿದು ಒದ್ದೆಯಾಗಿತ್ತು. ಮೂಸಿ ನೋಡಿ, “ಗಾಡಿ ಮಿಸ್ಸಿಂಗ್ ಹೊಡೀತದ. ರಾಕೇಲ್,” ಎಂದ. ಸೀಮೆಎಣ್ಣೆಗೆ ಪುಣೆಯ ಮಾತು ಅದು. ಪಂಪಿನವರೇ ಪೆಟ್ರೋಲಿನಲ್ಲಿ ಕಲಸಿರಬೇಕು, ಇಲ್ಲವೇ ಡ್ರೈವರ್ ಪೆಟ್ರೋಲು ಕದ್ದು ಆ ಜಾಗಕ್ಕೆ ಸೀಮೆಎಣ್ಣೆ ತುಂಬಿರಬೇಕು ಎಂದು ಅವನು ಎರಡು ಸಾಧ್ಯತೆ ಹೇಳಿದ್ದ. ಮಾತು ಗ್ಯಾರೇಜಿನಿಂದ ಮನೆಗೆ ಬಂದು ಮುಟ್ಟುವಷ್ಟರಲ್ಲಿ ಒಂದೇ ಉಳಿದಿತ್ತು.

ಸಿದ್ರಾಮಪ್ಪನವರು ಕೂಗಾಡುವ ಮನುಷ್ಯರಲ್ಲ. ಅವರ ಗದ್ದಿಯಲ್ಲಿ, ಅಂದರೆ ಯಾರ್ಡಿನ ಅಂಗಡಿಯಲ್ಲಿ, ಏನೇ ಕಳುವಾದರೂ ಪೊಲೀಸರ ತನಕ ಹೋಗಿದ್ದಿಲ್ಲ. ತಾಟಿನಲ್ಲಿ ಇಬತ್ತಿಯ, ಅಂದರೆ ವಿಭೂತಿಯ, ಗಟ್ಟಿ ಇಡುವುದು, ಅನುಮಾನ ಬಂದವನು ಅದರ ಮೇಲೆ ಅಂಗೈ ಇಟ್ಟು ‘ನಾ ಮುಟ್ಟಿಲ್ಲ’ ಅನ್ನುವುದು, ಅಲ್ಲಿಗೆ ವಿಚಾರಣೆ ಮುಗಿಯಿತು. ಆ ಮೇಲೆ ಅವನನ್ನು ಯಾರೂ ಒಂದು ಮಾತು ಅನ್ನಕೂಡದು. ಇಡೀ ಯಾರ್ಡೇ ಕಳ್ಳನೆನ್ನುತ್ತಿದ್ದ ಒಬ್ಬ ಗುಮಾಸ್ತನನ್ನು ಹೀಗೆ ಒಮ್ಮೆ ನಿರ್ದೋಷಿಯೆಂದು ಉಳಿಸಿಕೊಂಡಿದ್ದರು. ಅವನು ಈಗಲೂ ಅವರ ಗದ್ದಿಯಲ್ಲೇ ಇದ್ದ. ಅದನ್ನು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಮುರುಗೆಪ್ಪನಿಗೂ ಹಾಗೇ ಹೇಳಿದರು. ದೇವರ ಕೋಣೆಯ ಎದುರು ಮನೆಯವರೆಲ್ಲ ನಿಂತಿದ್ದರು.

“ಇಬತ್ತಿ ಮ್ಯಾಲ ಕೈ ಇಡು. ‘ಈ ಗಾಡ್ಯಾಗಿಂದು ಒಂದ್ ಹನಿ ಪೆಟ್ರೋಲ್ ನಾ ತಗೊಂಡಿಲ್ಲ’ ಅನ್ನು. ಮುಗೀತು. ಚಾ ಕುಡದು ಗಾಡಿ ತಗಿ.”

ಮುರುಗೆಪ್ಪ ಕೈ ಚಾಚಿದ. ಬೆರಳು ಗಟ್ಟಿಗೆ ತಾಕುವ ಮೊದಲು ನಿಂತಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಅವನು ಕೈ ಹಿಂದೆ ತೆಗೆದುಕೊಂಡ.

“ಯಾಕೋ?”

“ಕಳುವು ಮಾಡಿಲ್ರಿ ಸಾವ್ಕಾರ್ರ.”

“ಮಾಡಿಲ್ಲಂದ್ರ ಮುಟ್ಟು.”

“ಹಂಗ ಹೇಳಾಕ ಬರೂದಿಲ್ರಿ.”

“ಭಾಳ ಛಲೋ ಆತು,” ಎಂದ ರೇಣುವಿನ ಗಂಡ ಸಂಜು. “ಬಾಯಿ ಇಲ್ಲ ಅಂತದ, ಕೈ ಹೌದು ಅಂತದ. ಅಪ್ಪಾ, ಇನ್ನೇನ್ ಕೇಳ್ತಿ ಇವನ್ನ?”

ಸಿದ್ರಾಮಪ್ಪನವರ ಮುಖದಲ್ಲಿ ಸಿಟ್ಟಿರಲಿಲ್ಲ, ಅವಮಾನವಿತ್ತು. ಮನೆಯವನಂತಿದ್ದ ಆಳು ಅವರು ತೆರೆದಿಟ್ಟ ಬಾಗಿಲಿನಿಂದ ಒಳಗೆ ಬರಲಿಲ್ಲ. ಮುರುಗೆಪ್ಪ ಕಾರಿನ ಕೀಲಿಯನ್ನು ತಾಟಿನ ಪಕ್ಕ ಇಟ್ಟು ಹೊರಟುಹೋದ.

ಸಂಜು ಟ್ಯಾಂಕ್ ಬರಿದು ಮಾಡಿಸಿ, ತಾನೇ ನಿಂತು ಬೇರೆ ಪಂಪಿನಲ್ಲಿ ತುಂಬಿಸಿಕೊಂಡು ಬಂದ. ಪ್ಲಗ್ಗುಗಳನ್ನು ಒರೆಸಿ ಹಾಕಿಸಿದ. ದೀಪ ಉರಿಯುತ್ತಲೇ ಇತ್ತು, ಗಾಡಿ ನಡುಗುತ್ತಲೇ ಇತ್ತು. “ಕಳ್ಳ ಹೋದ್ರೂ ಅಂವ ಹಾಕಿದ ವಿಷ ಒಳಗ ಉಳದದ,” ಎಂದ. ಹೊಸ ಡ್ರೈವರ್ ಸಿಗುವ ತನಕ ತಾನೇ ನಡೆಸುತ್ತಿದ್ದ. ಪ್ರತಿ ಸಿಗ್ನಲ್ಲಿನಲ್ಲಿ ಕಾರು ಕುಲುಕಿದಾಗಲೂ ಮುರುಗೆಪ್ಪನಿಗೆ ಒಂದು ಬೈಗುಳ ಸಲ್ಲುತ್ತಿತ್ತು.

ರೇಣು ಧಾರವಾಡದಲ್ಲಿ ಭೌತಶಾಸ್ತ್ರ ಓದಿದವಳು. ಸದಾಶಿವ ಪೇಠದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಹನ್ನೆರಡನೆಯ ಇಯತ್ತೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಮುರುಗೆಪ್ಪ ಅವಳನ್ನು ಮಧ್ಯಾಹ್ನ ಅಲ್ಲಿಗೆ ಬಿಟ್ಟು ಗದ್ದಿಗೆ ಹೋಗುತ್ತಿದ್ದ. ದಾರಿಯಲ್ಲಿ ಮಾತು ಕಡಿಮೆ. ಒಮ್ಮೆ ಮಳೆಗಾಲದಲ್ಲಿ ಮಾತ್ರ, “ವೈನಿ, ಗಾಡಿ ಗಾಜಿಗೆ ಒಳಗ ಯಾಕ ಬೆವರು ಬರ್ತದರಿ?” ಎಂದು ಕೇಳಿ, ಅವಳು ಹೇಳಿದ್ದನ್ನು ಕೇಳಿಸಿಕೊಂಡು, “ಹಂಗಾದ್ರ ನಮ್ಮ ಉಸುರರಿ ಅದು,” ಎಂದಿದ್ದ. ಅವನು ಕದ್ದಿಲ್ಲವೆಂದು ಅವಳಿಗೆ ಇಷ್ಟರಿಂದ ಅನಿಸಿದ್ದಲ್ಲ. ಒಳ್ಳೆಯ ಮಾತಾಡುವವರೂ ಕದಿಯುತ್ತಾರೆ. ಅವಳನ್ನು ಕಾಡಿದ್ದು ಬೇರೆ. ಗ್ಯಾರೇಜಿನವನು ನೋಡಿದ್ದು ಒಂದು ಪ್ಲಗ್. ಇಂಜಿನ್ನಿಗೆ ಇರುವುದು ನಾಲ್ಕು ಸಿಲಿಂಡರು. ನಾಲ್ಕೂ ಕುಡಿಯುವುದು ಒಂದೇ ಟ್ಯಾಂಕಿನ ಪೆಟ್ರೋಲನ್ನು.

ಚಾಕಣದ ಒಂದು ಕಾರ್ಖಾನೆಯಲ್ಲಿ ಇಂಜಿನ್ ಪರೀಕ್ಷೆಯ ವಿಭಾಗದಲ್ಲಿದ್ದ ಬಿಂದುಮಾಧವ ಕಾಲೇಜಿನಲ್ಲಿ ಅವಳ ಜೊತೆ ಪ್ರಯೋಗ ಮಾಡುತ್ತಿದ್ದವನು. ಅವನಿಗೆ ಫೋನ್ ಮಾಡಿದಳು.

“ಒಂದ ಪ್ಲಗ್ ನೋಡಿ ಹೇಳಿದ್ನ?” ಎಂದು ಬಿಂದುಮಾಧವ ನಕ್ಕ. “ಒಂದ ರೀಡಿಂಗ್ ತಗೊಂಡು ಗ್ರಾಫ್ ಎಳದಂಗಾತು.”

“ಹಂಗ ಎಳೀತಿದ್ದಾಂವ ನೀನ.”

“ಎಳದು ಪಾಸೂ ಆಗೇನಿ, ಅದನ್ನ ಹೇಳು. ಕೇಳಿಲ್ಲೆ, ಹಳೇ ಗಾಡಿ ಇದ್ರ ಸ್ಕ್ಯಾನರ್ ಬೇಕಾಗಿಲ್ಲ. ಸ್ಟಿಯರಿಂಗ್ ಕೆಳಗ ಒಂದ್ ಸಣ್ಣ ಸಾಕೆಟ್ ಇರ್ತದ. ನಾ ಹೇಳೂ ಎರಡು ಪಿನ್ ಕೂಡಿಸು. ಆ ಹಳದಿ ದೀಪನ ಮಿಟುಕಿಸಿ ಮಿಟುಕಿಸಿ ತನಗೇನಾಗೇದ ಅಂತ ಹೇಳ್ತದ.”

“ಯಾತರ್ಲೆ ಕೂಡಿಸ್ಲಿ?”

“ತಲಿ ಪಿನ್ ಇಲ್ಲೇನು ನಿನ್ನ ಹತ್ರ?”

ಭಾನುವಾರ ಮಧ್ಯಾಹ್ನ ಗಂಡಸರು ಯಾರದೋ ಸೀಮಂತದ ಊಟಕ್ಕೆ ರಿಕ್ಷಾದಲ್ಲಿ ಹೋಗಿದ್ದಾಗ ರೇಣು ಕೆಳಗಿಳಿದಳು. ಪಿನ್ ಸಿಕ್ಕಿಸಿ ಕೀಲಿ ತಿರುಗಿಸಿದಳು. ದೀಪ ಮಿಟುಕಿತು, ತಡೆಯಿತು, ಮತ್ತೆ ಮಿಟುಕಿತು. ತಪ್ಪಬಾರದೆಂದು ಅದೇ ಕ್ರಮ ಮರುಕಳಿಸುವುದನ್ನು ಹಲವು ಸಲ ನೋಡಿ, ಬಿಂದುಮಾಧವನಿಗೆ ಹೇಳಿದಳು.

“ಹೊಗಿ ಕೊಳವಿಯೊಳಗಿನ ಆಕ್ಸಿಜನ್ ಸೆನ್ಸರ್ ತಕರಾರು ಮಾಡ್ಲಿಕತ್ತದ,” ಎಂದ ಅವನು. “ಹೊಗ್ಯಾಗ ಆಕ್ಸಿಜನ್ ಭಾಳ ಉಳೀತದ ಅಂತದ. ಅಂದ್ರ ಇಂಜಿನ್ನಿಗೆ ಪೆಟ್ರೋಲ್ ಸಾಲವಲ್ತು ಅಂತ ಲೆಕ್ಕ.”

“ಸಾಲವಲ್ತು ಅಂದ್ರ ಕಪ್ಪು ಹೊಗಿ ಎಲ್ಲಿಂದ ಬರ್ತದ?”

“ಅದನ್ನ ನೀ ಹೇಳು. ಮಾಸ್ತರಿಣಿ ಯಾರು?”

ಅವಳು ಕಾರಿನ ತೆರೆದ ಬಾಗಿಲಲ್ಲಿ ಕುಳಿತು ಯೋಚಿಸಿದಳು. ಒಂದು ಸಿಲಿಂಡರಿನಲ್ಲಿ ಕಿಡಿ ಹೊತ್ತುತ್ತಿಲ್ಲ ಎಂದಿಟ್ಟುಕೊಂಡರೆ ಅದು ಎಳೆದುಕೊಂಡ ಗಾಳಿ, ಪೆಟ್ರೋಲು ಎರಡೂ ಉರಿಯದೆ ಹೊರಗೆ ಹೋಗುತ್ತವೆ. ಸೆನ್ಸರಿಗೆ ಕಾಣುವುದು ಆಕ್ಸಿಜನ್ ಮಾತ್ರ. ಪೆಟ್ರೋಲು ಅದಕ್ಕೆ ಕಾಣುವುದಿಲ್ಲ. ಅದು ‘ಪೆಟ್ರೋಲು ಕಡಿಮೆ’ ಎಂದು ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರು ನಂಬಿ ನಾಲ್ಕಕ್ಕೂ ಹೆಚ್ಚು ಸುರಿಯುತ್ತದೆ. ಎಷ್ಟು ಸುರಿದರೂ ಸೆನ್ಸರಿನ ದೂರು ನಿಲ್ಲುವುದಿಲ್ಲ. ಕಪ್ಪು ಹೊಗೆ ಅದರಿಂದ, ಒದ್ದೆ ಪ್ಲಗ್ ಅದರಿಂದ, ಟ್ಯಾಂಕು ಬೇಗ ಬರಿದಾಗುವುದೂ ಅದರಿಂದಲೇ. ಯಾರೂ ಕದಿಯದೆ ಪೆಟ್ರೋಲು ಕಳುವಾಗುವ ದಾರಿ ಅದು.

ಇದು ಇನ್ನೂ ಊಹೆ. ಅಡಿಗೆಮನೆಯ ರಬ್ಬರ್ ಕೈಗವಸು ತಂದು ತೊಟ್ಟುಕೊಂಡು, ಇಂಜಿನ್ ಓಡುತ್ತಿರುವಾಗಲೇ ಪ್ಲಗ್ಗುಗಳ ದಪ್ಪ ವೈರುಗಳನ್ನು ಒಂದೊಂದಾಗಿ ಎಳೆದು ಮತ್ತೆ ಕೂಡಿಸಿದಳು. ಮೊದಲನೆಯದನ್ನು ಎಳೆದಾಗ ಇಂಜಿನ್ ಕುಸಿಯಿತು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಹಾಗೇ. ಎರಡನೆಯದನ್ನು ಎಳೆದಾಗ ಏನೂ ಬದಲಾಗಲಿಲ್ಲ. ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇಂಜಿನ್ ಆರಿಸಿ ಪ್ಲಗ್ಗುಗಳನ್ನು ಬಿಚ್ಚಿದಳು. ಉಳಿದ ಮೂರೂ ತುಸು ಕಪ್ಪಗಿದ್ದರೂ ಒಣಗಿದ್ದವು. ಎರಡನೆಯದು ಮಾತ್ರ ಒದ್ದೆ. ದೋಷ ಪೆಟ್ರೋಲಿನದಾಗಿದ್ದರೆ ನಾಲ್ಕೂ ಹಾಗಿರಬೇಕಿತ್ತು. ಎರಡನೆಯ ಪ್ಲಗ್ಗನ್ನು ಮೂರನೆಯದರೊಡನೆ ಅದಲುಬದಲು ಮಾಡಿ ನೋಡಿದಳು. ಸತ್ತದ್ದು ಮತ್ತೆ ಎರಡನೆಯ ಸಿಲಿಂಡರೇ. ಅಂದರೆ ದೋಷ ಪ್ಲಗ್ಗಿನದಲ್ಲ.

ವೈರಿನ ತುದಿಯ ರಬ್ಬರ್ ಟೊಪ್ಪಿಗೆಯನ್ನು ಬೆಳಕಿಗೆ ಹಿಡಿದಳು. ವರ್ಷಗಳ ಬಿಸಿಗೆ ಗಡಸಾಗಿ ಸೀಳಿತ್ತು. ಸೀಳಿನ ಉದ್ದಕ್ಕೂ ಕಿಡಿ ಹರಿದು ಸುಟ್ಟ ಕಪ್ಪು ಗೆರೆ. ಒಳಗಿನ ತಗಡಿನ ಮೇಲೆ ಹಸಿರು ಕಿಲುಬು. ಇಷ್ಟು ಆಳಕ್ಕೆ ನೀರು ಹೇಗೆ ಬಂತೆಂದು ಪ್ಲಗ್ ಕೂರುವ ಬಾವಿಯೊಳಗೆ ಕೈಬ್ಯಾಟರಿಯ ಬೆಳಕು ಬಿಟ್ಟು ನೋಡಿದಳು. ತಳದಲ್ಲಿ ತುಕ್ಕಿನ ಕೆಸರು ಒಣಗಿತ್ತು. ತುಕ್ಕಿನ ಬಣ್ಣಕ್ಕಿಂತ ಅದು ಕೆಂಪಾಗಿತ್ತು. ಅಂಚಿಗೆ ಒಂದು ಚೆಂಡು ಹೂವಿನ ಎಸಳು ಸುಟ್ಟು ಅಂಟಿಕೊಂಡಿತ್ತು.

ಖಂಡೆ ನವಮಿಯ ಆಯುಧಪೂಜೆಯ ದಿನ ಅತ್ತೆ ಭೀಮವ್ವ ಬಾನೆಟ್ ಎತ್ತಿಸಿ, ಕುಂಕುಮ ಕಲಸಿದ ನೀರನ್ನು ತಾಮ್ರದ ಕೊಡದಿಂದ ಇಂಜಿನ್ನಿನ ಮೇಲೆ ಸುರಿದಿದ್ದರು. ಊರಿನಲ್ಲಿ ಅವತ್ತು ಚಕ್ಕಡಿಗೆ, ಕುಡುಗೋಲಿಗೆ, ತಕ್ಕಡಿಗೆ ಮೈ ತೊಳೆಯುತ್ತಿದ್ದರು. ಪುಣೆಯಲ್ಲಿ ತಕ್ಕಡಿ ಎಲೆಕ್ಟ್ರಾನಿಕ್ ಆದ ಮೇಲೆ ಅದಕ್ಕೆ ನಾಲ್ಕು ಹನಿ ಚಿಮುಕಿಸಿ ಸುಮ್ಮನಾಗುತ್ತಿದ್ದರು. ಕೊಡದ ಪೂರ್ತಿ ನೀರು ಕಾರಿನ ಪಾಲಿಗೆ ಬಂದಿತ್ತು.

ರಾತ್ರಿ ಊಟಕ್ಕೆ ಕುಳಿತಾಗ ರೇಣು ಹೇಳಿದಳು. ಆದಷ್ಟು ಮೆತ್ತಗೆ ಹೇಳಿದಳು.

“ವರ್ಷಾ ವರ್ಷಾ ಹಾಕೀನಿ,” ಎಂದರು ಭೀಮವ್ವ, ರೊಟ್ಟಿ ಹಾಕುವ ಕೈ ನಿಲ್ಲಿಸಿ. “ಈ ವರ್ಷ ನಿಮ್ಮ ಇಂಜಿನ್ನಿಗೆ ಥಂಡಿ ಆತೇನು?”

“ಮೊದಲ ರಬ್ಬರ್ ಮೆತ್ತಗ ಇತ್ತು ಅತ್ತಿ. ನೀರು ಒಳಗ ಬಿಡ್ತಿದ್ದಿಲ್ಲ. ಈಗ ಹಳೇದಾಗಿ ಸೀಳೇದ.”

“ಹಂಗಂದ್ರ ಕಳ್ಳಿ ನಾನ ಆದೆ.”

“ಯವ್ವಾ, ನಿನಗ್ಯಾರು ಅಂದ್ರು ಹಂಗ?” ಎಂದು ಸಂಜು ನಕ್ಕ. ಹೆಂಡತಿಯ ಕಡೆ ತಿರುಗಿ, “ಒಬ್ಬ ಡ್ರೈವರ್ನ ಉಳಸಾಕ ಅತ್ತಿನ್ನ ಸಿಗಿಸ್ತೀ ನೋಡು,” ಎಂದ.

ಸಿದ್ರಾಮಪ್ಪನವರು ನಗಲಿಲ್ಲ. ಕೈ ತೊಳೆದುಕೊಂಡು ಎದ್ದು, “ನಡಿ ತೋರ್ಸು,” ಎಂದರು. ಕೆಳಗಿಳಿದು ಕನ್ನಡಕ ಏರಿಸಿ, ಅವಳು ಬ್ಯಾಟರಿ ಹಿಡಿದ ಕಡೆ ಬಗ್ಗಿ ಬಹಳ ಹೊತ್ತು ನೋಡಿದರು. ಮೆಣಸಿನಕಾಯಿಯನ್ನು ಮೂಸಿ, ಮುರಿದು, ಬೀಜ ಎಣಿಸಿ ಕೊಳ್ಳುವವರು. ಕೆಸರನ್ನು ಉಗುರಿನಿಂದ ಕೆರೆದು ಬೆರಳಲ್ಲಿ ತಿಕ್ಕಿದರು.

“ಕುಂಕುಮನ,” ಎಂದರು.

ಮರುದಿನ ಹೊಸ ವೈರುಗಳನ್ನು ಹಾಕಿಸಿದರು. ದೀಪ ಆರಿತು. ಗಾಡಿ ಕಾತ್ರಜ ಘಾಟನ್ನು ಒಂದೇ ಉಸಿರಿಗೆ ಹತ್ತಿತು. ಪೆಟ್ರೋಲು ಮೊದಲಿನಂತೆ ಬಾಳಿಕೆ ಬಂತು. ಇನ್ನು ಮುರುಗೆಪ್ಪನನ್ನು ಕರೆಸುತ್ತಾರೆ ಎಂದು ರೇಣು ಕಾದಳು.

ಯಾರ್ಡಿನಲ್ಲಿ ಹಬ್ಬಿದ ಮಾತು ಬೇರೆಯೇ ಇತ್ತು. ಸಂಜು ಅದನ್ನು ಮನೆಗೆ ತಂದ. “ಬಾಜೂ ಗದ್ದಿ ಗೂಳಪ್ಪ ಕಾಕಾ ಕೇಳಾಕತ್ತಿದ್ದ, ‘ಏನಪಾ, ಡ್ರೈವರ್ ಹೋದ ಮ್ಯಾಲ ಗಾಡಿ ಗುಂ ಅಂತ ಓಡ್ಲಾಕತ್ತದಲ್ಲ’ ಅಂತ. ಹೌದ್ರಿ ಕಾಕಾ ಅಂದೆ. ಏನ್ ಹೇಳ್ಲಿ? ಸ್ವಂತ ಅವ್ವ ನೀರು ಹಾಕ್ಯಾಳ ಅಂತ ಬಜಾರದಾಗ ಹೇಳ್ಲೇನು?”

ರೇಣುವಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ದೋಷವನ್ನು ಹುಡುಕಿದ್ದು ಅವಳು, ಸರಿಪಡಿಸಲು ಹೇಳಿದ್ದು ಅವಳು. ಸರಿಹೋದ ಗಾಡಿಯೇ ಈಗ ಮುರುಗೆಪ್ಪನ ವಿರುದ್ಧ ದಿನವೂ ಬೀದಿ ತುಂಬ ಸಾಕ್ಷಿ ಹೇಳಿಕೊಂಡು ಓಡಾಡುತ್ತಿತ್ತು. ಕೆಟ್ಟೇ ಇದ್ದಿದ್ದರೆ ಅವನ ಪರವಾಗಿ ಏನೋ ಒಂದು ಉಳಿದಿರುತ್ತಿತ್ತು.

ಬೆಳಿಗ್ಗೆ ಮಾವ ಪೂಜೆ ಮುಗಿಸಿ ಹೊರಗೆ ಬರುವುದನ್ನೇ ಕಾದು ಕೇಳಿದಳು.

“ಮಾವಾ, ಅಂವ ಕದ್ದಿಲ್ಲ ಅಂತ ನಿಮ್ಮ ಕಣ್ಣಾರೆ ನೋಡೀರಿ.”

“ಇಂಜಿನ್ ಯಾಕ ಕೆಟ್ಟಿತ್ತು ಅನ್ನೂದು ನೋಡೀನಿ,” ಎಂದರು. “ನೀ ಹೇಳಿದ್ದೆಲ್ಲಾ ಖರೆ. ತಂಗೀ, ಆದ್ರ ಅಂವ ಕೈ ಯಾಕ ಹಿಂದ ತಗೊಂಡ? ಅದನ್ನ ನಿನ್ನ ಬ್ಯಾಟರಿ ಬಿಟ್ಟು ತೋರ್ಸು.”

ಅವರು ಟೊಪ್ಪಿಗೆ ಹಾಕಿಕೊಳ್ಳುತ್ತ ಮಾತು ಮುಂದುವರಿಸಿದರು.

“ನಾ ಯಾರ ಅನ್ನಾನೂ ಕಸಗೊಳ್ಳಾಂವ ಅಲ್ಲ. ಅಂವ ಈಗ ಬರ್ಲಿ. ಅವತ್ತಿನ ಮಾತ ಇಬತ್ತಿ ಮುಟ್ಟಿ ಹೇಳ್ಲಿ. ಯಾರ್ಡಿನ ಮಂದಿನ್ನ ಕರದು ಅವರ ಮುಂದ ಕೀಲಿ ಕೊಡ್ತೀನಿ.”

ಇದಕ್ಕಿಂತ ನ್ಯಾಯದ ಮಾತು ಅವರಿಂದ ಬರುವುದು ಸಾಧ್ಯವಿರಲಿಲ್ಲ. ಅದು ರೇಣುವಿಗೂ ಗೊತ್ತಿತ್ತು.

ಮುರುಗೆಪ್ಪನ ಮನೆ ಬಿಬವೇವಾಡಿಯ ಗುಡ್ಡದ ಮೇಲಿನ ತಗಡಿನ ಮನೆಗಳ ವಸ್ತಿಯಲ್ಲಿ. ಅವಳು ಹೋದಾಗ ಅವನ ಹೆಂಡತಿ ತಿಪ್ಪವ್ವ ಹೊಸ್ತಿಲಲ್ಲಿ ಕುಳಿತು ಎರಡೂ ಕೈಗಳನ್ನು ಮಜ್ಜಿಗೆಯ ಬೋಗುಣಿಯಲ್ಲಿ ಅದ್ದಿಕೊಂಡಿದ್ದಳು. ಯಾರ್ಡಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೊಸದಾಗಿ ಸೇರಿದ್ದಳು. ಕೈ ಉರಿ ಇನ್ನೂ ಅಭ್ಯಾಸವಾಗಿರಲಿಲ್ಲ. ಮುರುಗೆಪ್ಪ ಒಳಗೆ ಗೋಡೆಗೆ ಒರಗಿದ್ದ. ಡ್ರೈವರ್ ಎಂದು ಯಾರೂ ಇಟ್ಟುಕೊಳ್ಳದೆ ಅವನು ಚೀಲ ಹೊರುತ್ತಿದ್ದ.

ರೇಣು ಎಲ್ಲವನ್ನೂ ಹೇಳಿದಳು. ಕುಂಕುಮದ ಕೆಸರಿನ ಮಾತು ಬಂದಾಗ ಅವನು, “ಅಲ್ಲಿ ಹೋಗಿ ಕುಂತಿತ್ರ್ಯಾ?” ಎಂದು ಅಚ್ಚರಿಪಟ್ಟ. ಅವನಿಗೂ ಅದು ಹೊಳೆದಿರಲಿಲ್ಲ. ಪಂಪಿನವರೇ ಕಲಸಿದ್ದಾರೆಂದು ಅವನು ನಂಬಿಬಿಟ್ಟಿದ್ದ.

“ಹಂಗಾದ್ರ ಅವತ್ತ ಕೈ ಯಾಕ ಹಿಂದ ತಗೊಂಡಿ ಮುರುಗೆಪ್ಪ?”

ಅವನು ಹೆಂಡತಿಯ ಕಡೆ ನೋಡಿದ. ತಿಪ್ಪವ್ವ ಬೋಗುಣಿಯಿಂದ ಕಣ್ಣೆತ್ತದೆ, “ಹೇಳ್ರಿ, ಹೇಳ್ರಿ. ಊರಿಗೆ ಊರ ನಗೂವಂಥಾದ್ದು ವೈನ್ಯಾರೂ ಒಮ್ಮಿ ನಗಲಿ,” ಎಂದಳು.

“ಪಂಚಮಿ ಮುಂದ ಈಕಿ ಹೊಸಾ ಸೀರಿಗೆ ನನ್ನ ಅಂಗಿದು ಗ್ರೀಸ್ ಹತ್ತಿತ್ರಿ. ಪೆಟ್ರೋಲ್‌ಲೆ ತಿಕ್ಕಿದ್ರ ಹೋಗ್ತದಲ್ರಿ. ಗಾಡಿ ಪೈಪಿನಿಂದ ಒಂದ್ ಚಾ ಕಪ್ಪಿನಷ್ಟು ಹಿಡಕೊಂಡು ಬಂದಿದ್ದೆ. ಕೇಳಿದ್ರ ಸಾವ್ಕಾರ್ರು ಒಲ್ಲೆ ಅಂತಿದ್ದಿಲ್ಲ. ಕೇಳಲಿಲ್ಲ, ಅಷ್ಟ. ಒಂದ್ ಹನಿ ತಗೊಂಡಿಲ್ಲ ಅಂತ ಇಬತ್ತಿ ಮುಟ್ಟಿ ಹೆಂಗ ಹೇಳ್ಲಿ?”

ರೇಣು ಮಜ್ಜಿಗೆಯಲ್ಲಿ ಅದ್ದಿದ ತಿಪ್ಪವ್ವನ ಕೈಗಳನ್ನು ನೋಡಿದಳು.

“ಇದನ್ನ ಅವತ್ತ ಹೇಳಿದ್ರ ಆಗ್ತಿತ್ತಲ್ಲೋ.”

“ಒಂದ್ ಕಪ್ಪು ಅಂದ್ರ ಸಂಜಣ್ಣ ಕ್ಯಾನ್ ಅಂತಿದ್ರು. ನೀವೂ ಈಗ ಹೇಳಬ್ಯಾಡ್ರಿ. ಆಣಿ ಅದ ನಿಮಗ.”

“ಇವರ ಸತ್ಯಕ್ಕ ನನ್ನ ಕೈ ಉರೀತಾವು ನೋಡ್ರಿ ವೈನಿ,” ಎಂದಳು ತಿಪ್ಪವ್ವ. “ಖರೇ ಕಳ್ಳ ಇದ್ದಿದ್ರ ಅವತ್ತ ಗಪ್ಪನ ಮುಟ್ಟಿ ಚಾ ಕುಡದು ಬರ್ತಿದ್ದ.”

ರೇಣು ಮನೆಗೆ ಬಂದು ಮಾವನ ಹತ್ತಿರ ಉಪಾಯದಿಂದ ಕೇಳಿದಳು. ‘ಒಂದ್ ಹನಿ’ ಅನ್ನುವುದನ್ನು ಬಿಟ್ಟು, ‘ಕಳುವು ಮಾಡಿಲ್ಲ’ ಎಂದಷ್ಟೇ ಹೇಳಿಸಿದರೆ ಸಾಲದೇ? ಸಿದ್ರಾಮಪ್ಪನವರು ಅವಳನ್ನು ದಿಟ್ಟಿಸಿ ನೋಡಿದರು.

“ಮಾತು ಬದಲ್ ಮಾಡ್ರಿ ಅಂದ್ರ ಏನೋ ಅದ ಅಂದಂಗಾತು.”

“ಏನಿಲ್ಲ ಮಾವಾ.”

“ಏನಿಲ್ಲಂದ್ರ ಅದ ಮಾತು ಇರ್ಲಿ.”

ಅವಳು ಆಣೆಗೆ ಬಿದ್ದಿದ್ದಳು. ಇನ್ನು ಬಾಯಿ ಬಿಟ್ಟರೆ ಆ ಚಹಾ ಕಪ್ಪಿನ ಮಾತು ಹೊರಗೆ ಬೀಳುತ್ತಿತ್ತು.

ಮುರುಗೆಪ್ಪ ಸಿಕ್ಕಿದ್ದು ಯಾರ್ಡಿನ ಲಾರಿಗಳ ಸಾಲಿನಲ್ಲಿ. ತಲೆಯ ಮೇಲಿನ ಗೋಣಿಯ ಕುಂಚಿ ತೆಗೆದು ಮುಖ ಒರೆಸಿಕೊಂಡು ಕೇಳಿಸಿಕೊಂಡ. ಸುತ್ತ ಎಲ್ಲರೂ ಕೆಮ್ಮುತ್ತಿದ್ದರು.

“ಒಂದ್ ಹನಿ ಅನ್ನೂದು ಮಾತಿನ ರೀತಿ ಅಷ್ಟ,” ಎಂದಳು ರೇಣು. “ಇಷ್ಟು ವರ್ಷ ಎಷ್ಟ್ ಟ್ಯಾಂಕ್ ಪೆಟ್ರೋಲ್ ನಿನ್ನ ಕೈಯಾಗ ಹೋಗ್ಯಾವ. ಅದರಾಗ ಒಂದ್ ಕಪ್ಪು ಅಂದ್ರ ಏನು? ಅಷ್ಟು ಸಣ್ಣದನ್ನ ನಮ್ಮ ಲ್ಯಾಬಿನ್ಯಾಗ ಶೂನ್ಯ ಅಂತನ ಬರೀತೀವಿ.”

“ನಿಮ್ಮ ಲ್ಯಾಬಿನ್ಯಾಗ ಇಬತ್ತಿ ಇಟ್ಟಿರ್ತಾರೇನ್ರಿ ವೈನಿ?”

ಅದರಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಕೇಳಿದಂತಿತ್ತು. ರೇಣುವಿಗೆ ನಾಚಿಕೆಯಾಯಿತು, ಆದರೂ ನಿಲ್ಲಿಸಲಿಲ್ಲ. ತಿಪ್ಪವ್ವನ ಕೈ ನೆನಪಿಸಿದಳು. ಯಾರ್ಡಿನ ಜನರೆಲ್ಲರ ಎದುರಿಗೇ ಅವನ ಹೆಸರು ಮರಳಿ ಬರುತ್ತದೆ ಎಂದಳು. ಇಲ್ಲವಾದರೆ ಗಾಡಿ ಚೆನ್ನಾಗಿ ಓಡಿದಷ್ಟು ದಿನವೂ ಅವನು ಕಳ್ಳನೇ ಎಂದಳು. ಅವನು ಕುಂಚಿಯನ್ನು ತಲೆಗೆ ಏರಿಸಿಕೊಂಡು, “ವಿಚಾರ ಮಾಡ್ತೀನ್ರಿ,” ಎಂದು ಲಾರಿಯ ಹಿಂಬದಿಗೆ ಹೋದ.

ಕಾರ್ತಿಕದ ಒಂದು ಸೋಮವಾರ ಅವನು ಬಂದ. ಸಿದ್ರಾಮಪ್ಪನವರು ಕೊಟ್ಟ ಮಾತಿನಂತೆ ಗೂಳಪ್ಪನವರನ್ನೂ ಬೇರೆ ಇಬ್ಬರು ವ್ಯಾಪಾರಿಗಳನ್ನೂ ಕರೆಸಿದ್ದರು. ತಾಟಿನಲ್ಲಿ ಹೊಸ ಗಟ್ಟಿ ಇತ್ತು. ಮುರುಗೆಪ್ಪ ಮಿಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಈ ಸಲ ಕೈ ತಡೆಯಲಿಲ್ಲ. ಅಂಗೈಯನ್ನು ಪೂರ್ತಿ ಊರಿ, ಪಾಠ ಒಪ್ಪಿಸುವವನಂತೆ ಹೇಳಿದ:

“ಈ ಗಾಡ್ಯಾಗಿಂದು ಒಂದ್ ಹನಿ ಪೆಟ್ರೋಲ್ ನಾ ತಗೊಂಡಿಲ್ಲ.”

“ಆತು!” ಎಂದರು ಸಿದ್ರಾಮಪ್ಪನವರು. ಅವರ ಕಣ್ಣು ಒದ್ದೆಯಾಗಿತ್ತು. “ಕೇಳಿದ್ರಿಲ್ಲ ಎಲ್ಲಾರೂ? ಇನ್ನ ಮ್ಯಾಲ ಇವನ ಬಗ್ಗೆ ಯಾರರ ಒಂದ್ ಮಾತಂದ್ರ ನನಗ ಅಂದಂಗ. ಹುಚ್ಚಪ್ಯಾಲಿ, ಇಷ್ಟ ಮಾತಿಗೆ ಅವತ್ತ ಯಾಕ ಅಂಜಿದ್ಯೋ?”

“ತಲಿ ಕೆಟ್ಟಿತ್ರಿ,” ಎಂದ ಮುರುಗೆಪ್ಪ.

“ಅಂಜಿದ್ದ ರೀ, ಅಷ್ಟ ಮಂದಿ ಮುಂದ,” ಎಂದು ಭೀಮವ್ವ ಅವನ ಪರ ವಹಿಸಿದರು. ನೀರಿನ ಮಾತು ಇನ್ನು ಎದ್ದೇಳುವುದಿಲ್ಲವೆಂದು ಅವರಿಗೂ ಹಗುರಾಗಿತ್ತು. ಹೋಳಿಗೆ, ತುಪ್ಪ ಬಡಿಸಿದರು. ಗೂಳಪ್ಪನವರು ಅವನ ಬೆನ್ನು ತಟ್ಟಿದರು. ಸಂಜು ತಾನೇ ಕೀಲಿ ತಂದುಕೊಟ್ಟು, “ಸಿಟ್ಟು ಇಟ್ಕೋಬ್ಯಾಡಪಾ,” ಎಂದ. ಕೋಣೆಯಲ್ಲಿ ಎಲ್ಲರೂ ಸಂತೋಷವಾಗಿದ್ದರು. ಅಲ್ಲಿದ್ದವರಲ್ಲಿ ಅವನು ಹೇಳಿದ್ದು ಸುಳ್ಳೆಂದು ಗೊತ್ತಿದ್ದವರು ಇಬ್ಬರು. ಆ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ.

ಮಧ್ಯಾಹ್ನ ಕ್ಲಾಸಿಗೆ ಹೊರಟ ರೇಣು ಕೆಳಗಿಳಿದಾಗ ಅವನು ಕಾರು ಒರೆಸುತ್ತಿದ್ದ. ಅವಳು ಹಿಂದಿನ ಬಾಗಿಲಿಗೆ ಕೈ ಹಾಕಿದಳು.

“ವೈನಿ.”

“ಏನು ಮುರುಗೆಪ್ಪ?”

“ಒಂದ್ ಮಾತು ಕೇಳ್ತೀನ್ರಿ. ಇನ್ನ ಮ್ಯಾಲ ನಾ ನಡಸೂ ಮುಂದ ನೀವು ಈ ಗಾಡ್ಯಾಗ ಕೂಡಬ್ಯಾಡ್ರಿ.”

“ಯಾಕ?”

ಅವನು ಬಟ್ಟೆಯನ್ನು ಮಡಿಚಿದ, ಮತ್ತೆ ಮಡಿಚಿದ.

“ಕನ್ನಡ್ಯಾಗ ನೀವು ಕಾಣ್ತೀರಿ.”

ಅವಳು ಬಾಗಿಲಿನಿಂದ ಕೈ ತೆಗೆದಳು. ಅವನು ಆಗಲೇ ಬೆನ್ನು ತಿರುಗಿಸಿ ಮುಂದಿನ ಗಾಜನ್ನು ಒರೆಸತೊಡಗಿದ್ದ. ಗೇಟಿನ ಹೊರಗೆ ಬಂದು ರಿಕ್ಷಾ ಹಿಡಿದಳು.

ಅಂದಿನಿಂದ ಅವಳು ರಿಕ್ಷಾದಲ್ಲೇ ಹೋಗಿಬರುತ್ತಾಳೆ. ಮನೆಯಲ್ಲಿ ಮೊದಮೊದಲು ಕಾರಣ ಕೇಳಿದರು. ಗಾಡಿ ಗದ್ದಿಗೆ ಹೊತ್ತಿಗೆ ಸರಿಯಾಗಿ ಹೋಗಲಿ, ನನಗೇಕೆ ಎಂದಳು. ಆಮೇಲೆ ಅದೊಂದು ನಗೆಯ ಮಾತಾಯಿತು.

“ಗಾಡಿ ರಿಪೇರಿ ಮಾಡಿದಾಕಿಗೇ ಆ ಗಾಡಿ ಮ್ಯಾಲ ನಂಬಿಕಿಲ್ಲ ನೋಡ್ರಿ,” ಎಂದು ಸಂಜು ಬಂದವರೆದುರು ಹೇಳುತ್ತಾನೆ. “ಇದನ್ನ ಮುರುಗೆಪ್ಪಗೂ ಹೇಳಿದೆ. ಅಂವನೂ ನಕ್ಕ.”

“ಹೌದಾ, ನಕ್ಕನಾ?” ಎಂದು ರೇಣು ಕೇಳಿದಳು, ಒಮ್ಮೆ ಮಾತ್ರ.

“ನಕ್ಕ ಅಂದ್ರ ಏನ್, ಭಾಳ ನಕ್ಕ.”

ಅವಳು ಪುಸ್ತಕಗಳ ಚೀಲ ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿಕೊಂಡು, ಮೆಟ್ಟಿಲಿಳಿದಳು.